ಮನೆ ನಂಬರಿಲ್ಲದವರಿಗೂ ಡಾಕ್ಟರು

ಏಮಸನ ಕಾಲಿನ ಹೆಬ್ಬೆರಳಿನ ಹುಣ್ಣು ತಿಂಗಳಾದರೂ ಮಾಯಲಿಲ್ಲ. ಹೆಂಡತಿ ಹೆಸ್ಟರ್ ದಿನವೂ ಉಪ್ಪುನೀರಿನಲ್ಲಿ ತೊಳೆದು ಬಟ್ಟೆ ಕಟ್ಟುತ್ತಿದ್ದಳು. ನೋವೇ ಇಲ್ಲವಲ್ಲ ಎಂದು ಅವನು ನಗುತ್ತಿದ್ದ. ನೋವಿಲ್ಲದ್ದೇ ಅವಳಿಗೆ ಭಯ. ಅವನಿಗೆ ಸಕ್ಕರೆ ಕಾಯಿಲೆ; ಮಾತ್ರೆ ಮುಗಿದು ಮೂರು ತಿಂಗಳಾಗಿತ್ತು. ಅವಳ ಅಣ್ಣ ಸೈಲಸನೂ ಹೀಗೇ ನಗುತ್ತಿದ್ದ. ಮೊದಲು ಬೆರಳು ಹೋಯಿತು, ಆಮೇಲೆ ಕಾಲು, ಕಳೆದ ಚಳಿಗಾಲದಲ್ಲಿ ಅವನೇ ಹೋದ. ದೇವರ ಚಿತ್ತವೆಂದು ಹೆಸ್ಟರ್ ತಲೆಬಾಗಿದಳು. ಆದರೆ ಡಾಕ್ಟರನ್ನು ಕೊಟ್ಟವನೂ ಆ ದೇವರೇ, ಬಾಗಿಲು ತಟ್ಟದವರು ನಾವು ಎಂಬ ಕೊರಗು ಅವಳನ್ನು ಬಿಟ್ಟಿರಲಿಲ್ಲ.

ಅವರದು ಕಾಲುವೆಯ ಮೇಲಿನ ಬದುಕು. ಏಮಸನ ಅಜ್ಜ, ಅಪ್ಪ ಇದೇ ನೀರಿನಲ್ಲಿ ಸರಕು ಸಾಗಿಸಿದವರು. ಈಗ ಸರಕಿಲ್ಲ, ದೋಣಿಯೇ ಮನೆ. ಹದಿನಾಲ್ಕು ದಿನಕ್ಕೊಮ್ಮೆ ಹಗ್ಗ ಬಿಚ್ಚಿ ಮುಂದಕ್ಕೆ ಹೋಗಬೇಕೆಂಬುದು ಕಾಲುವೆಯ ನಿಯಮ. ಆದ್ದರಿಂದ ದೋಣಿಯವರು ಅನೇಕರು ಮಾಡುವಂತೆ ಅವನೂ ಬರ್ಮಿಂಗ್‌ಹ್ಯಾಮಿನ ಅಕ್ಕನ ಮನೆಯ ವಿಳಾಸ ಎರವಲು ಪಡೆದು ಅಲ್ಲಿನ ಡಾಕ್ಟರ ಪಟ್ಟಿಯಲ್ಲಿ ಹೆಸರು ಬರೆಸಿದ್ದ; ಪಟ್ಟಿಯಲ್ಲಿದ್ದರೆ ತಾನೇ ಮಾತ್ರೆ ಬರೆದುಕೊಡುವುದು. ಅಕ್ಕ ತೀರಿಕೊಂಡಳು. ಮನೆ ಬೇರೆಯವರದಾಯಿತು. ಡಾಕ್ಟರು ಬರೆದ ಕಾಗದಗಳು ಹಿಂದಿರುಗಿದವು, ಪಟ್ಟಿಯಿಂದ ಹೆಸರೂ ಹೋಯಿತು, ಅದರೊಂದಿಗೆ ಮಾತ್ರೆಯೂ.

ದೋಣಿಯಿಂದ ದೋಣಿಗೆ ಕಲ್ಲಿದ್ದಲು, ಗ್ಯಾಸು ಮಾರುವ ಗ್ವೆಂಡಾ ಶನಿವಾರ ಬಂದಳು. ಮೂಟೆ ಇಳಿಸುತ್ತಲೇ ಅವನ ಕಾಲು ನೋಡಿದಳು.

"ಏಮಸಣ್ಣ, ಡಾಕ್ಟರಿಗೆ ತೋರ್ಸಿದ್ಯಾ?"

"ವಿಳಾಸ ಎಲ್ಲಿದೆ ನಂಗೆ? ನಿನ್ ತಮ್ಮನ ಮನೆ ನಂಬರು ಕೊಡು, ಬರೆಸ್ತೀನಿ."

"ಅವ್ನು ತನ್ನ ಕಾಗದಾನೇ ಒಡೆದು ನೋಡಲ್ಲ, ಇನ್ನು ನಿನ್ನದು ನೋಡ್ತಾನಾ?"

ಗ್ವೆಂಡಾ ಬಿಡಿಸಿ ಹೇಳಿದಳು. ಹೆಸರು ಬರೆಸಲು ಮನೆಯ ದಾಖಲೆ ಬೇಡ, ಗುರುತಿನ ಚೀಟಿ ಬೇಡ. ದೋಣಿ ನಿಂತ ಜಾಗ ಹೇಳಿದರೆ ಆಯಿತು. ಕಾಗದ ತಲುಪುವ ಜಾಗವೇ ಇಲ್ಲದಿದ್ದರೆ ಡಾಕ್ಟರ ಷಾಪಿನ ವಿಳಾಸವನ್ನೇ ಹಾಕಿಕೊಳ್ಳಬಹುದು. ಎರಡು ವಾರಕ್ಕೆ ಹೊರಟುಬಿಡುತ್ತೇನಲ್ಲ ಎಂದು ಏಮಸ್ ಇನ್ನೊಂದು ನೆಪ ತೆಗೆದ. ಇದೇ ಇಪ್ಪತ್ತು ಮೈಲಿಯಲ್ಲಿ ಮೇಲೆ ಕೆಳಗೆ ಅಂತ ನಲವತ್ತು ವರ್ಷ ಕಳೆದಿದ್ದೀಯ, ಇನ್ನೆಲ್ಲಿಗೆ ಹೊರಡ್ತೀಯಾ ಎಂದು ಅವಳು ನಕ್ಕಳು.

"ನಮ್ಮಪ್ಪ ದಡದವರ ಹತ್ರ ಏನೂ ಬೇಡ್ದೋನಲ್ಲ" ಎಂದ ಏಮಸ್.

ಅಲ್ಲಿಯವರೆಗೆ ಸುಮ್ಮನಿದ್ದ ಹೆಸ್ಟರ್ ಬಾಯಿ ಬಿಟ್ಟಳು. "ನಮ್ಮಣ್ಣನೂ ಇದೇ ಮಾತಾಡ್ತಿದ್ದ. ಅವನ ದೋಣೀನ ಈಗ ಯಾರೋ ನಡೆಸ್ತಿದಾರೆ. ನಿಮ್ಮ ದೋಣೀನ ಇನ್ನೊಬ್ರು ನಡೆಸೋದು ನನ್ ಕಣ್ಣಲ್ಲಿ ನೋಡಲಾರೆ ಕಣ್ರೀ."

ಏಮಸ್ ಹಳೆಯ ಮಾತ್ರೆಯ ಖಾಲಿ ಡಬ್ಬಿ ಹುಡುಕಿ ಜೇಬಿಗೆ ಹಾಕಿಕೊಂಡ.

ಸೋಮವಾರ ಗಂಡ ಹೆಂಡತಿ ಇಬ್ಬರೂ ಹತ್ತಿರದ ಡಾಕ್ಟರ ಷಾಪಿಗೆ ಹೋದರು. ವಿಳಾಸವೇನೆಂದು ಮೇಜಿನಾಚೆಯ ಹುಡುಗಿ ಕೇಳಿದಾಗ ಅಕ್ಕನ ಬೀದಿಯ ಹೆಸರು ಅವನ ನಾಲಿಗೆಯ ತುದಿಗೆ ಬಂತು. ಹೆಸ್ಟರ್ ಅವನ ತೋಳು ಮುಟ್ಟಿದಳು. ಏಮಸ್ ಬೆನ್ನು ನೇರ ಮಾಡಿ ನಿಂತ.

"'ರೂತ್' ಅಂತ ದೋಣಿ. ಕಾಲುವೆಯ ಎರಡನೇ ನೀರುಗೇಟು ದಾಟಿ ಕೆಳಗೆ ಕಟ್ಟಿದೀವಿ. ನಾನು ಹುಟ್ಟಿದ್ದೂ ದೋಣೀಲೇ."

ಹುಡುಗಿ ಹಾಗೆಯೇ ಬರೆದುಕೊಂಡಳು. ಮೂರು ತಲೆಮಾರಿನ ದೋಣಿಯವರಲ್ಲಿ ತನ್ನ ನಿಜವಾದ ಮನೆಯ ಹೆಸರನ್ನು ಡಾಕ್ಟರ ಪುಸ್ತಕದಲ್ಲಿ ಬರೆಸಿದವನು ತನ್ನ ಗಂಡನೇ ಮೊದಲಿಗನೆಂದು ಹೆಸ್ಟರಳ ಎದೆ ಉಬ್ಬಿತು. ನರ್ಸು ಅಂದೇ ಕಾಲು ನೋಡಿದಳು. ಇನ್ನೂ ಹತ್ತು ದಿನ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದಳು. ಮಾತ್ರೆ ಮತ್ತೆ ಶುರುವಾಯಿತು. ಆರು ವಾರಕ್ಕೆ ಹುಣ್ಣು ಒಣಗಿತು. ಈಗ ಎದುರು ಸಿಕ್ಕ ದೋಣಿಯವರನ್ನೆಲ್ಲ ನಿಲ್ಲಿಸಿ, ಹೆಸರು ಬರೆಸಿದಿರಾ ಎಂದು ಮೊದಲು ಕೇಳುವವನು ಏಮಸನೇ.

ದೋಣಿಯಲ್ಲಿ, ವ್ಯಾನಿನಲ್ಲಿ, ಬಂಧುಗಳ ಮನೆಯ ಮೂಲೆಯಲ್ಲಿ ಬಾಳುತ್ತಿರುವವರೇ, ಎರವಲು ವಿಳಾಸ ಕೊಡಬೇಡಿ. ಇರುವ ಜಾಗವನ್ನೇ ಹೇಳಿ. ಸ್ವಲ್ಪ ದಿನ ಮಾತ್ರ ಇರುವವರೂ ತಾತ್ಕಾಲಿಕವಾಗಿ ಹೆಸರು ಬರೆಸಬಹುದು. ನುಂಗುವ ಮಾತ್ರೆಗಳ ಹೆಸರು ಬರೆದುಕೊಂಡು ಒಯ್ಯಿರಿ. ಯಾರಾದರೂ ಆಗದು ಎಂದರೆ, ಕಾರಣ ಬರೆದು ಕೊಡಿ ಎಂದು ಮರ್ಯಾದೆಯಿಂದ ಕೇಳಿ. ಮೈ ಗಟ್ಟಿಯಿರುವಾಗಲೇ ಹೋಗಿ. ಅಲ್ಲಿ ನೀವು ಬೇಡುವವರಲ್ಲ. ನಿಮ್ಮ ಹೆಸರಿಗೂ ಆ ಪುಸ್ತಕದಲ್ಲಿ ಜಾಗವಿದೆ.