ಖಾಲಿ ಎಂದು ಬರೆದ ಹಟ್ಟಿ

ವನಜಾ ಜನರನ್ನು ಹುಟ್ಟಿಸುವ ಕೆಲಸ ಮಾಡುತ್ತಿದ್ದಳು. ನಗಬೇಡಿ, ಮಧುಗಿರಿ ಬಸ್‌ಸ್ಟ್ಯಾಂಡ್ ಹಿಂದಿನ ಆಫೀಸಿನಲ್ಲಿ ಅವಳಿಗೆ ಸಂಬಳ ಅದಕ್ಕೇ. ಹಳೆಯ ಜನಗಣತಿಯ ಮೊತ್ತ, ಊರೂರು ಸುತ್ತಿ ತಂದ ಮನೆಗಳ ಪಟ್ಟಿ, ಎರಡನ್ನೂ ಉಣಿಸಿದರೆ ಕಂಪ್ಯೂಟರು ಒಂದೊಂದು ಹಳ್ಳಿಗೂ ಗಂಡ, ಹೆಂಡತಿ, ಮಕ್ಕಳು, ಮುದುಕರನ್ನು ತಾನೇ ಕಟ್ಟಿಕೊಡುತ್ತದೆ. ಹೆಸರಿಲ್ಲದ, ಉಸಿರಿಲ್ಲದ ಜನ. ಆದರೆ ಯಾವ ಊರಿಗೆ ನರ್ಸ್, ಯಾವ ಊರಿಗೆ ಬಸ್ ಎಂದು ಇಲಾಖೆಯವರು ತೀರ್ಮಾನಿಸುವುದು ಇವರನ್ನು ನೋಡಿಯೇ.

ತಂಗಿ ಮಂಜುಳಾಳನ್ನು ಕೊಟ್ಟಿದ್ದು ಪಾವಗಡದ ಕಡೆ, ರಾಯಚರ್ಲುವಿನಿಂದಾಚೆ ಗುಜ್ಜಾರಹಟ್ಟಿಗೆ. ಈಗ ಏಳು ತಿಂಗಳ ಬಸುರಿ, ಮೊದಲೊಂದು ಕಳೆದುಕೊಂಡವಳು. ಹಟ್ಟಿಯಲ್ಲೇ ಇದ್ದ ನರ್ಸಮ್ಮ ವಾರಕ್ಕೊಮ್ಮೆ ಬಿ.ಪಿ. ನೋಡುತ್ತಾಳೆ ಎಂಬುದೊಂದೇ ಮನೆಯವರಿಗೆ ಧೈರ್ಯ. ಒಂದು ಬೆಳಿಗ್ಗೆ ಮಂಜುಳಾ ಫೋನ್ ಮಾಡಿದಳು.

“ನರ್ಸಮ್ಮನ್ನ ಬ್ಯಾರೆ ಊರಿಗೆ ಹಾಕ್ಬುಟ್ರು ಕಣಕ್ಕ. ನಮ್ಮಟ್ಟಿಯಾಗೆ ಜನಾನೇ ಇಲ್ವಂತೆ.”

ವನಜಾ ಫೈಲು ತೆಗೆದಳು. ಎಪ್ಪತ್ತೊಂದು ಮನೆ, ಎಪ್ಪತ್ತೊಂದಕ್ಕೂ ಬೀಗ. ಸರ್ವೆಯವರು ‘ಬೀಗ’ ಎಂದು ತಂದಿದ್ದನ್ನು ‘ಖಾಲಿ’ ಎಂದು ಒತ್ತಿದವಳು ಅವಳೇ. ಸರ್ವೆಯ ತಾರೀಕು ನೋಡಿದಳು. ಅವತ್ತು ಹಟ್ಟಿಯ ಹೊರಬೀಡು. ಆ ದಿನ ಮನೆಗಳಿಗೆಲ್ಲ ಬೀಗ ಜಡಿದು, ಊರಬಾಗಿಲಿಗೆ ಮುಳ್ಳು ಹಾಕಿ, ದನಕರು ಹೊಡೆದುಕೊಂಡು ಎಲ್ಲರೂ ಹೊಲದ ಮರಗಳಡಿ ಒಲೆ ಹೂಡುತ್ತಾರೆ. ಹೊತ್ತು ಮುಳುಗುವವರೆಗೆ ಊರಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ತಂಗಿ ಊಟಕ್ಕೆ ಕರೆದಿದ್ದಳು, ಸರ್ವೆ ಕೆಲಸವಿದೆ ಎಂದು ಇವಳು ಹೋಗಿರಲಿಲ್ಲ. ಹಾಳಾದ ತಲೆ, ಎಲ್ಲ ಗೊತ್ತಿದ್ದೂ ಹೊಳೆಯಲಿಲ್ಲ!

ಆಫೀಸಿನ ಯಜಮಾನ ನರಸಿಂಹರಾಜು ಕೆಟ್ಟವರೇನಲ್ಲ. ಕಾಗದ ಬರೆದರು, ಇಲಾಖೆಗೆ ಎರಡು ಸಲ ಅಲೆದರು, ಸೋತು ಬಂದು ಕುಳಿತರು.

“ಹಟ್ಟಿ ಜನಾನೆಲ್ಲ ಕಂಪ್ಯೂಟ್ರು ಪಕ್ಕದೂರಿಗೆ ಹಾಕೈತೆ ಕಣಮ್ಮ. ತಾಲ್ಲೂಕಿನ ಮೊತ್ತ ಸರಿಯಾಗೇ ಐತೆ, ಮುಂದಿನ ಪಟ್ಟಿಗಂಟ ಮುಟ್ಟಾಕಿಲ್ಲ ಅಂದ್ರು.”

ಮಧುಗಿರಿಗೆ ಬಂದುಬಿಡು ಎಂದು ವನಜಾ ತಂಗಿಯನ್ನು ಅಂಗಲಾಚಿದಳು. ಸೋಮವಾರ ಹೊರಡುವುದೆಂದಾಯಿತು. ಶನಿವಾರವೇ ಬಿ.ಪಿ. ಏರಿ ಫಿಟ್ಸ್ ಬಂತು. ಪಾವಗಡದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು ಮಗು. ವನಜಾ ಮಂಚದ ಪಕ್ಕ ಕುಳಿತು ತನ್ನ ತಪ್ಪನ್ನೆಲ್ಲ ಹೇಳಿಕೊಂಡಳು. ಮಂಜುಳಾ ಗೋಡೆ ಕಡೆ ಹೊರಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕು ತಿಂಗಳಾದ ಮೇಲೆ ಪಟ್ಟಿ ತಿದ್ದಲು ಅಪ್ಪಣೆ ಬಂತು. ವನಜಾ ಎಪ್ಪತ್ತೊಂದು ಮನೆಗೂ ‘ವಾಸ’ ಎಂದು ಒತ್ತಿದಳು. ಕಂಪ್ಯೂಟರು ಗುಜ್ಜಾರಹಟ್ಟಿಗೆ ಮುನ್ನೂರ ಹನ್ನೆರಡು ಜನರನ್ನು ಕೊಟ್ಟಿತು. ಅವಳು ಒಂದೊಂದೇ ಸಾಲು ಓದುತ್ತ ಹೋದಳು. ಒಂದು ಮನೆಯಲ್ಲಿ ಗಂಡ, ಮೂವತ್ತು. ಹೆಂಡತಿ, ಇಪ್ಪತ್ತಾರು. ಹೆಣ್ಣು ಮಗು, ವಯಸ್ಸು ಸೊನ್ನೆ.

ಆ ಮಗುವಿನ ಸಾಲನ್ನು ಅಳಿಸಿದಳು. ಮೊತ್ತ ತಾಳೆಯಾಗುತ್ತಿಲ್ಲ, ಒಬ್ಬರು ಕಡಿಮೆ ಎಂದು ಕಂಪ್ಯೂಟರು ತೋರಿಸಿತು. ಮಗುವನ್ನು ವಾಪಸು ಸೇರಿಸಿ, ಇಲಾಖೆಗೆ ಕಳಿಸಿಕೊಟ್ಟಳು.