ಪಾವಲಿಗೊಂದು ಗೋಣಿಚೀಲ

ನರಗುಂದದ ಗುಡ್ಡ ಹುಟ್ಟಿದಾಗಿನಿಂದ ಈ ಊರಿನಲ್ಲಿ ನನ್ನಂಥ ನಾಯಿ ಕಲಿಸುವವ ಹುಟ್ಟಿಲ್ಲ. ಇದನ್ನು ನಾನೇ ಹೇಳಬಾರದು ಖರೇ, ಆದರೆ ಬೇರೆ ಯಾರೂ ಹೇಳುತ್ತಿಲ್ಲ. ಅದಕ್ಕೇ ನಾನೇ ಹೇಳಬೇಕಾಗಿದೆ.

ನಮ್ಮ ಪಾವಲಿ ಬಿಳಿ ಕೂದಲಿನ ಸಣ್ಣ ನಾಯಿ. ಹುಬ್ಬಳ್ಳಿಯಿಂದ ತಂದಾಗ ನನ್ನ ಅಂಗಿಯ ಕಿಸೆಯಲ್ಲಿ ಕೂತು ಬಂದಿತ್ತು. ಕಿಸೆಯಲ್ಲಿ ಇನ್ನೊಂದು ನಾಯಿಗೆ ಜಾಗ ಉಳಿದಿತ್ತು ನೋಡ್ರಿ, ಅಷ್ಟು ಸಣ್ಣದು. ನಾಲ್ಕಾಣೆ ಪಾವಲಿಯಷ್ಟೇ ಇದೆ ಎಂದು ಹೆಂಡತಿ ನಿರ್ಮಲಾ ಆ ಹೆಸರಿಟ್ಟಳು. ನಮಗೆ ಮಕ್ಕಳಿಲ್ಲ. ಆ ಮಾತು ಅಲ್ಲಿಗೇ ಇರಲಿ.

ಪಟ್ಟಣದ ಮಂದಿ ಹಳೆಯ ಪೇಪರ್ ಹಾಸಿ, ಅದರ ಮೇಲೆಯೇ ಉಚ್ಚೆ ಹೊಯ್ಯಬೇಕೆಂದು ನಾಯಿಗೆ ಕಲಿಸುತ್ತಾರಂತೆ. ನಮ್ಮದು ರೈತರ ಮಾಲು ಹಿಡಿದು ಮಾರುವ ಕಾಳುಕಡಿಯ ಅಡತಿ ಅಂಗಡಿ. ಮನೆಗೆ ಬರುವುದು ಒಂದೇ ಪೇಪರ್, ಅದನ್ನು ನಮ್ಮಣ್ಣ ಪ್ರಭುಲಿಂಗಪ್ಪ ಸಂಜೆಯತನಕ ಕೈಬಿಡುವುದಿಲ್ಲ. ಆದರೆ ಗೋಣಿಚೀಲಕ್ಕೆ ನಮ್ಮಲ್ಲಿ ಬರವೇ? ಒಂದು ಹರಿದ ಚೀಲ ಹಿತ್ತಿಲಲ್ಲಿ ಹಾಸಿ, ಪಾವಲಿಯನ್ನು ಅದರ ಮೇಲೆ ನಿಲ್ಲಿಸಿ, ಬೆಲ್ಲ ತೋರಿಸಿ ಕಲಿಸಿದೆ. ಕಲಿತಿತು. ಎಂಥಾ ಕಲಿಕೆ ಅಂತೀರಿ! ಊರಿನ ನಾಯಿಗಳೆಲ್ಲ ಕರೆಂಟಿನ ಕಂಬಕ್ಕೆ ನಿತ್ಯ ಪೂಜೆ ಮಾಡಿದರೆ, ನಮ್ಮ ಪಾವಲಿ ಅದೇ ಕಂಬವನ್ನು ಪರಸ್ತ್ರೀಯಂತೆ ಕಂಡು ಮುಖ ತಿರುವಿಕೊಂಡು ಹೋಗುತ್ತಿತ್ತು. ಒಮ್ಮೆ ಗುಡ್ಡದ ಕೋಟೆಗೆ ಕರೆದೊಯ್ದಿದ್ದೆ. ತುದಿ ಮುಟ್ಟಿದಾಗ ಅದಕ್ಕೆ ಅವಸರವಾಯಿತು. ಅಷ್ಟೂ ಗುಡ್ಡ ಇಳಿದು, ಬಜಾರ ದಾಟಿ, ಹಿತ್ತಿಲಿನ ಚೀಲಕ್ಕೇ ಬಂದಿತು. ನಾನು ಏದುತ್ತ ಬಂದು ಮುಟ್ಟುವಷ್ಟರಲ್ಲಿ ಕೆಲಸ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿತ್ತು.

ಹೀಗೆ ಜಗತ್ತಿನ ಮೊದಲನೇ ನಂಬರಿನ ನಾಯಿ ತಯಾರಾದ ಮೇಲೆ ಕಡಲೆಯ ಸುಗ್ಗಿ ಬಂದಿತು.

ಸುಗ್ಗಿಯಲ್ಲಿ ನಮ್ಮ ಅಂಗಡಿಯ ಮುಂದೆ ಚೀಲ, ಹಿಂದೆ ಚೀಲ, ಕಟ್ಟೆಯ ಮೇಲೆ ಚೀಲ. ಊರ ಮಂದಿಯೆಲ್ಲ ಸೇರಿ ತನಗೊಬ್ಬನಿಗೇ ಇಷ್ಟೊಂದು ಪಾಯಖಾನೆ ಕಟ್ಟಿಸಿದರಲ್ಲ ಎಂದು ಪಾವಲಿಗೆ ಹಿಗ್ಗೋ ಹಿಗ್ಗು. ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ. ಆದರೆ ಗುರುವಾರ ಮುಂಜಾನೆ ಮಾಲಿನ ಹರಾಜು ಸವಾಲಿನ ಹೊತ್ತಿಗೆ ಒಂದು ಸಲ ಕಣ್ಣು ಪಿಳುಕಿಸಿದೆ, ಅಷ್ಟೇ. ಗಜೇಂದ್ರಗಡದ ದೊಡ್ಡ ಖರೀದಿದಾರ ಕಳಕಪ್ಪ ಮಾಲು ನೋಡಲೆಂದು ಒಂದು ಚೀಲದೊಳಗೆ ಮೊಣಕೈತನಕ ಕೈ ಹಾಕಿ ತೆಗೆದ.

"ಪ್ರಭಣ್ಣಾ, ಕಡ್ಲ್ಯಾಗ ಹಸಿ ಭಾಳ ಐತಲ್ಲೋ" ಅಂದ. ಆಮೇಲೆ ಕೈ ಮೂಸಿ ನೋಡಿಕೊಂಡ.

ಇಡೀ ಮಾರ್ಕೆಟ್ಟು ನಕ್ಕಿತು. ಎತ್ತುಗಳೂ ನಕ್ಕವು. ನಮ್ಮಣ್ಣ ಮಾತ್ರ ನಗಲಿಲ್ಲ. ನನ್ನನ್ನು ಒಳಗೆ ಕರೆದು, ದೇವರ ಜಗಲಿಯ ಬದಿಗೆ ತೂಗುಬಿಟ್ಟಿದ್ದ ಅಜ್ಜ-ಮುತ್ತ್ಯಾನ ಕಾಲದ ತಕ್ಕಡಿಯ ಮುಂದೆ ನಿಲ್ಲಿಸಿದ.

"ಮುಟ್ಟು ತಕ್ಕಡಿ."

"ಏನಂತ ಮುಟ್ಲಿ ಅಣ್ಣಾ?"

"ಈ ಅಂಗಡಿದು ಒಂದು ಚೀಲ, ಖಾಲಿ ಇರ್ಲಿ, ತುಂಬಿದ್ದಿರ್ಲಿ, ಹರದದ್ದ ಇರ್ಲಿ, ಇನ್ನ ಮ್ಯಾಲೆ ಆ ನಾಯಿ ಕಾಲಾಗ ಬರೂದಿಲ್ಲಂತ ಮುಟ್ಟು. ದೀಪಾವಳಿಗೆ ಚೀಲಕ್ಕ ಕುಂಕುಮ ಹಚ್ಚಿ ಕೈ ಮುಗೀತೀವಲ್ಲೋ ಮುತ್ತಣ್ಣಾ, ಅದು ಲಕ್ಷ್ಮಿ ಅಂತ. ಲಕ್ಷ್ಮಿ ಮ್ಯಾಲೆ ಉಚ್ಚಿ ಹೊಯ್ಸಾಕ ಹಚ್ಚೀದಿ?"

ಮುಟ್ಟಿದೆ. ನಾನು ತಾಯಿಯ ಆಣೆ ಹಾಕಿ ಹತ್ತು ಲಕ್ಷ ಸುಳ್ಳು ಹೇಳಿದ ಗಂಡಸು. ಆದರೆ ತಕ್ಕಡಿಯ ಆಣೆ ಬೇರೆ. ಅದನ್ನು ಮುರಿದವನ ಅಂಗಡಿಗೆ ರೈತನಿರಲಿ, ಇಲಿ ಕೂಡ ಬರುವುದಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಹಮಾಲ ಬಸ್ಯಾ ಅಣ್ಣನ ಅಪ್ಪಣೆಯಂತೆ ಹಿತ್ತಿಲಿನ ಹರಕು ಚೀಲವನ್ನು ನೀರೊಲೆಗೆ ತುರುಕಿಬಿಟ್ಟಿದ್ದ.

ಆ ಗಳಿಗೆಯಿಂದ ಪಾವಲಿ ಕಾಲೆತ್ತಲಿಲ್ಲ.

ಸಂಜೆಯಾಯಿತು, ಇಲ್ಲ. ಬೆಳಗಾಯಿತು, ಇಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಸಿದೆ. ಮೂಸಿ, ಕಲ್ಲು ಬೆರೆಸಿದ ಕಾಳು ತಂದ ರೈತನನ್ನು ನಮ್ಮಣ್ಣ ನೋಡುವಂತೆ ನನ್ನನ್ನು ನೋಡಿತು. ಕಂಬಳಿ ಹಾಸಿದೆ. ಕಾಲೊರೆಸುವ ನಾರಿನ ಚಾಪೆ ಹಾಸಿದೆ. ನನ್ನ ಮದುವೆಯ ಜರಿ ಶಲ್ಯವನ್ನೇ ಹಾಸಿದೆ, ಅದರ ಮೇಲೆ ಮಲಗಿತು. ಕೊನೆಗೆ ಹೇಗೆಂದು ತೋರಿಸಿಕೊಡಲು ಕಂಪೌಂಡಿನ ಗೋಡೆಗೆ ನಾನೇ... ಆ ವಿಷಯ ಬಿಡಿ. ಎದುರು ಮನೆಯ ಅಡಿವೆವ್ವ ಕಿಟಕಿ ಬಡಿದು ಹಾಕಿಕೊಂಡ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ.

"ನೀವ ಕಲಿಸಿದ್ರಿ, ನೀವ ಬಿಡಸ್ರಿ" ಎಂದಳು ನಿರ್ಮಲಾ. "ಕಲೆಕ್ಟರ್ ಮನಿ ನಾಯಿಗಿಂತ ನಮ್ಮದು ಶಾಣ್ಯಾ ಅಂತ ಊರ ತುಂಬ ಡಂಗುರ ಹೊಡದ್ರೆಲ್ಲಾ? ಹೊಡೀರಿ ಈಗ." ಆಮೇಲೆ ಪಾವಲಿಯ ಹೊಟ್ಟೆ ಮುಟ್ಟಿ ನೋಡಿ ಮಾತು ನಿಲ್ಲಿಸಿದಳು. ಅವಳು ಬೈದರೆ ನಾನು ಹೆದರುವವನಲ್ಲ. ಸುಮ್ಮನಾದಾಗ ಎದೆ ಒಡೆಯಿತು.

ದನದ ದವಾಖಾನೆಗೆ ಓಡಿದೆ. ಡಾಕ್ಟರ್ ಗುಲ್ಷನ ಮೇಡಂ ಒಂದು ಎಮ್ಮೆಯನ್ನು ಬದಿಗೆ ಸರಿಸಿ, ಪಾವಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆ ಒತ್ತಿ ನೋಡಿದರು.

"ಮುತ್ತಣ್ಣಾರ, ಇದಕ್ಕ ಜಡ್ಡಿಲ್ರಿ. ನಿಮ್ಮ ಮಾತು ಕೇಳಾಕತ್ತೈತಿ, ಅಷ್ಟ."

"ಕೇಳೂದು ಬಿಡಸ್ರಿ ಮೇಡಂ, ನಿಮ್ಮ ಕಾಲ ಬೀಳ್ತೀನಿ."

"ಅದಕ್ಕ ಔಷಧ ಎಲ್ಲೈತ್ರಿ? ಹೊಟ್ಟಿ ಕಲ್ಲಾಗೇತಿ. ಲಗೂನ ಹೋಗಿ ಒಂದು ಗೋಣಿಚೀಲ ಹಾಸ್ರಿ. ಸಂಜಿ ಒಳಗ ಆಗಲಿಲ್ಲಂದ್ರ ತೊಗೊಂಡು ಬರ್ರಿ, ನಳಿಗಿ ಹಾಕೂಣು. ಖರೇ ಹೇಳ್ತೀನಿ, ಇಷ್ಟು ಸಣ್ಣ ಜೀವ ಅದನ್ನ ತಡಕೋತೈತಂತ ನಾ ಮಾತು ಕೊಡೂದಿಲ್ಲ." ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಯಾಕ ಹಂಗ ನಿಂತ್ರಿ? ನರಗುಂದದಾಗ ಗೋಣಿಚೀಲಕ್ಕೇನ ಬರ ಬಂದೈತೇನ್ರಿ?"

ಬಂದಿತ್ತು. ಯಾಕೆಂದರೆ ಅವತ್ತು ಶುಕ್ರವಾರ.

ನಮ್ಮ ಪ್ಯಾಟೆಯಲ್ಲಿ ಶುಕ್ರವಾರ ಖಾಲಿ ಚೀಲವನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಕೊಟ್ಟರೆ ಆ ಚೀಲದ ಹಿಂದೆ ಲಕ್ಷ್ಮಿಯೂ ಎದ್ದು ಹೋಗುತ್ತಾಳೆಂಬ ನಂಬಿಕೆ. ಒಂದಲ್ಲ, ಎರಡಲ್ಲ, ಲಕ್ಷ ಚೀಲ ತುಂಬಿದ ಊರಿನಲ್ಲಿ ನಾಯಿಯನ್ನು ಬಗಲಲ್ಲಿ ಹಿಡಿದು ಬಾಗಿಲಿಂದ ಬಾಗಿಲಿಗೆ ತಿರುಗಿದೆ. ಮಠದ ಸ್ವಾಮಿಗಳ ಆಸನಕ್ಕೆ ಬೇಕೆಂದೆ. ಬೆನ್ನುನೋವಿಗೆ ಬಿಸಿ ಉಪ್ಪು ಕಟ್ಟಲು ಬೇಕೆಂದೆ. ನನ್ನ ಸುಳ್ಳು ಯಾವತ್ತೂ ಹುಸಿ ಹೋದದ್ದಿಲ್ಲ. ಆದರೆ ಅವತ್ತು ಎಲ್ಲರೂ ಮೊದಲು ನನ್ನ ಮುಖ ನೋಡಿ, ಆಮೇಲೆ ಪಾವಲಿಯನ್ನು ನೋಡಿ, "ಕಳಕಪ್ಪನ ಕೈ ಒಣಗೇತೇನ್ರಿ?" ಎಂದು ಕೇಳಿ ಬಾಗಿಲು ಮುಂದೆ ಮಾಡಿದರು.

ಖಾಲಿ ಚೀಲಗಳನ್ನೇ ಮಾರುವ ಇಲಿಯಾಸನ ಅಂಗಡಿಗೂ ಬೀಗ. ಮನೆಗೇ ಹೋಗಿ ಕೂಗಿದೆ.

"ಇಲಿಯಾಸಭಾಯಿ, ನಿನಗೆಲ್ಲಿ ಶುಕ್ರವಾರದ ಲಕ್ಷ್ಮಿ? ಒಂದು ಚೀಲ ಕೊಡೋ ಮಾರಾಯಾ."

"ನನಗಿಲ್ರೀ ಸಾವಕಾರ್ರ, ನನ್ನ ಗಿರಾಕಿಗಳಿಗೈತಿ. ಇವತ್ತ ನಿಮಗ ಕೊಟ್ಟೆ ಅಂದ್ರ ನಾಳಿಂದ ಅವರ‍್ಯಾರೂ ನನ್ನ ಕಡೆ ಹಣಿಕಿ ಹಾಕೂದಿಲ್ಲ. ನಾಳಿ ಮುಂಜಾನಿ ಬರ್ರಿ, ಕಟ್ಟಗಟ್ಟಲೆ ಕೊಡ್ತೀನಿ."

"ನಾಳಿತನಕ ತಡಿಯೂದಿಲ್ಲೋ!"

"ಅಂಥಾದ್ದೇನ ತುಂಬಾವ್ರದೀರ‍್ರಿ?"

ಅಲ್ಲಿಂದ ಹೊರಬಿದ್ದೆ. ಪಾವಲಿ ನನ್ನ ಬಗಲಲ್ಲಿ ಸಣ್ಣಗೆ ನಡುಗುತ್ತಿತ್ತು. ಒಮ್ಮೆ ಕೂಗಿದ್ದರೆ, ಒಮ್ಮೆ ಕಚ್ಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೂಗಲಿಲ್ಲ. ಇಷ್ಟೊತ್ತು ತಡೆದಿದ್ದೇನಲ್ಲ, ಬೆಲ್ಲ ಯಾವಾಗ ಕೊಡುತ್ತೀ ಎನ್ನುವಂತೆ ಮುಖ ಎತ್ತಿ ನೋಡುತ್ತಿತ್ತು. ನಮ್ಮ ಅಂಗಡಿಯ ಹಿಂಬಾಗಿಲಿಗೆ ಬಂದೆ. ಯಾರೂ ಇರಲಿಲ್ಲ. ಖಾಲಿ ಚೀಲಗಳ ಒಟ್ಟಿಲು ನನ್ನೆತ್ತರಕ್ಕಿತ್ತು. ಮೇಲಿನ ಚೀಲದ ತುದಿ ಹಿಡಿದೆ. ಬಾಗಿಲ ಸಂದಿಯಿಂದ ಮುತ್ತ್ಯಾನ ತಕ್ಕಡಿ ಕಂಡಿತು. ಗಾಳಿಯಿಲ್ಲ, ಏನಿಲ್ಲ, ಆದರೂ ತೂಗಾಡಿದಂತಾಯಿತು. ಕೈಬಿಟ್ಟೆ.

ಪಾವಲಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಗಾಡಿ ಹತ್ತಿ ಯಾವಗಲ್ ಊರಿನ ರಸ್ತೆ ಹಿಡಿದೆ. ಯಾವುದಾದರೂ ಹೊಲದ ಬದುವಿನಲ್ಲಿ, ಗಟಾರದಲ್ಲಿ, ಯಾರೋ ಒಗೆದ ಒಂದು ತುಂಡು ಗೋಣಿ ಸಿಕ್ಕೀತು ಎಂಬ ಆಸೆ. ಅಷ್ಟು ದೂರ ಹೋದರೂ ಒಂದು ಎಳೆ ಸಿಗಲಿಲ್ಲ. ಹೊತ್ತು ಇಳಿಯತೊಡಗಿತ್ತು. ಅಂಗಿಯೊಳಗಿನ ಉಸಿರು ಸಣ್ಣದಾಗುತ್ತಿತ್ತು. ಗಾಡಿ ನಿಲ್ಲಿಸಿ ರಸ್ತೆಯ ಬದಿಗೆ ಕೂತುಬಿಟ್ಟೆ. ಇಡೀ ತಾಲೂಕಿನ ದೇವರನ್ನೆಲ್ಲ ಹೆಸರು ಹಿಡಿದು ಕರೆದೆ. ಕೆಲವರ ಹೆಸರು ಅಲ್ಲೇ ಕೂತು ಹುಟ್ಟಿಸಿದ್ದು.

ಎದುರಿನಿಂದ ಯಾವಗಲ್ಲಿನ ಹನಮಪ್ಪನ ಟ್ರ್ಯಾಕ್ಟರ್ ಬಂದಿತು. ನಮ್ಮ ಅಂಗಡಿಗೇ ಮಾಲು ಹಾಕುವ ಹಳೆಯ ರೈತ. ಟ್ರಾಲಿಯ ತುಂಬ ಕಡಲೆ. ನಾನು ರಸ್ತೆಯ ನಡುವೆ ಕೈ ಅಡ್ಡ ಹಿಡಿದು ನಿಂತೆ.

"ಹನಮಪ್ಪಾ, ಒಂದು ಖಾಲಿ ಚೀಲ ಕೊಡೋ!"

"ಖಾಲಿ ಎಲ್ಲೈತ್ರಿ ಸಾವಕಾರ್ರ? ಎಲ್ಲಾ ತುಂಬ್ಯಾವು."

ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು ನೋಡ್ರಿ. ತುಂಬಿದ ಚೀಲ ಕೊಡಲು ಯಾವ ಶುಕ್ರವಾರವೂ ಅಡ್ಡ ಬರುವುದಿಲ್ಲ.

"ಹಂಗಾರ ತುಂಬಿದ್ದ ಒಂದು ಇಳಸು. ನಾ ತೊಗೊಂಡೆ."

ಹನಮಪ್ಪ ಕಣ್ಣು ಸಣ್ಣದು ಮಾಡಿದ. "ಹಾದ್ಯಾಗ ನಿಂತು ತೊಗೋಳಾಕತ್ತೀರಿ ಅಂದ್ರ... ಧಾರಣಿ ಏರೇತೇನ್ರೀ?"

ಅವನ ಹಿಂದೆ ಬಂದು ನಿಂತಿದ್ದ ಟ್ರ್ಯಾಕ್ಟರಿನವ ಅದನ್ನು ಕೇಳಿಸಿಕೊಂಡ. ಅದರ ಹಿಂದಿನವ ಆಗಲೇ ಮೊಬೈಲ್ ಕಿವಿಗಿಟ್ಟುಕೊಂಡ. ಮುತ್ತಣ್ಣ ಸಾವಕಾರ ರಸ್ತೆಗಿಳಿದು ಕಡಲೆ ಹಿಡಿಯುತ್ತಿದ್ದಾನೆ ಎಂಬ ಸುದ್ದಿ ನನಗಿಂತ ಮೊದಲು ನರಗುಂದ ಮುಟ್ಟಿತು. ನನಗೆಲ್ಲಿಯ ಪರಿವೆ? ಚೀಲ ಇಳಿಸಿ, ಟ್ರಾಲಿಯ ತಾಡಪತ್ರಿ ಎಳೆದು ಹಾಸಿ, ಬಾಯಿ ಬಿಚ್ಚಿ, ಕಡಲೆಯನ್ನೆಲ್ಲ ಅದರ ಮೇಲೆ ಸುರುವಿದೆ.

"ಹುಚ್ಚ ಹಿಡೀತೇನ್ರೀ ನಿಮಗ!" ಎಂದು ಹನಮಪ್ಪ ಚೀರಿದ.

ಖಾಲಿ ಚೀಲವನ್ನು ನೆಲಕ್ಕೆ ಹಾಸಿ ಪಾವಲಿಯನ್ನು ಇಳಿಸಿದೆ. ಅದಕ್ಕೆ ನಿಲ್ಲಲು ಬರಲಿಲ್ಲ. ಒಂದು ಕಡೆ ವಾಲಿತು. "ಹೊಯ್ಯೋ ನನ್ನಪ್ಪಾ, ಇದು ಗೋಣಿನ ಐತಿ, ಖರೇ ಗೋಣಿ, ಮೂಸಿ ನೋಡೋ" ಎಂದು ಮೊಣಕಾಲೂರಿ ಬೇಡಿಕೊಂಡೆ. ಪಾವಲಿ ಮೂಸಿತು. ಒಂದು ಮೂಲೆ ಮೂಸಿತು, ಇನ್ನೊಂದು ಮೂಲೆ ಮೂಸಿತು. ಆಮೇಲೆ ನಡುಗುವ ಹಿಂಗಾಲನ್ನು ಮೆಲ್ಲಗೆ ಎತ್ತಿತು.

ಅದೆಷ್ಟು ಹೊತ್ತು ಹೊಯ್ದಿತೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ಆ ಸಪ್ಪಳ ಹೊಳೆಆಲೂರಿನವರು ಕೇಳಿದ್ದರೆ ಮಲಪ್ರಭೆ ಉಕ್ಕಿ ಬಂದಳೆಂದು ಗಂಟುಮೂಟೆ ಕಟ್ಟುತ್ತಿದ್ದರು. ಮೂರೂ ಟ್ರ್ಯಾಕ್ಟರಿನ ಮಂದಿ ಬಾಯಿ ತೆರೆದು ನೋಡಿದರು. ನನ್ನ ಕಣ್ಣಲ್ಲೂ ನೀರು ಬಂದಿತ್ತು. ರಸ್ತೆಯ ಧೂಳು ಅಂತ ಹೇಳಿದೆ.

ಅಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ಅಣ್ಣ ಪ್ರಭುಲಿಂಗಪ್ಪ! ಸುದ್ದಿ ಕೇಳಿ ಉಟ್ಟ ಧೋತರದಲ್ಲೇ ಬಂದಿದ್ದ. ಸುರುವಿದ ಕಡಲೆ ನೋಡಿದ. ಚೀಲ ನೋಡಿದ. ಚೀಲದ ಮೇಲಿದ್ದ ಪಾವಲಿಯನ್ನು ನೋಡಿದ.

"ಯಾರ ಚೀಲಲೇ ಅದು?"

"ಹ... ಹನಮಪ್ಪಂದು, ಅಣ್ಣಾ."

"ನೀ ತೊಗೊಂಡೀಯಂತಲ್ಲ? ತೊಗೊಂಡೆ ಅಂದ ಮ್ಯಾಲೆ ಮಾಲು ನಮ್ಮ ಅಂಗಡಿದು. ಚೀಲಾನೂ ನಮ್ಮದ. ತಕ್ಕಡಿ ಆಣಿ ಮುರದಿ." ಅವನ ದನಿ ಏರಿರಲಿಲ್ಲ. ಅದೇ ಭಯ. "ನಾಯಿ ಕೊಡು ಇಲ್ಲೆ. ಯಾವಗಲ್ ಬಸ್ಸಿಗೆ ಹಾಕಿ ಕಳಸ್ತೀನಿ. ಎಲ್ಲಿ ಬೇಕಾದಲ್ಲಿ ಇಳೀಲಿ."

ಹತ್ತು ಲಕ್ಷ ಸುಳ್ಳು ಹೇಳಿದ ನಾಲಿಗೆ ಒಣಗಿತು. ಒಂದೇ ಒಂದು ಸುಳ್ಳು ಬೇಕಿತ್ತು. ಹುಟ್ಟಲಿಲ್ಲ. ಪಾವಲಿಯ ಮೇಲೆ ಬಾಗಿ ಎರಡೂ ಕೈ ಅಡ್ಡ ಇಟ್ಟೆ.

"ತೂಕ ಆಗೇತೇನ್ರಿ?" ಎಂದು ಹನಮಪ್ಪ ಕೇಳಿದ.

"ಏನ?" ಅಣ್ಣ ತಿರುಗಿದ.

"ತೂಕ, ಸಾವಕಾರ್ರ. ಹ್ವಾದ ವರ್ಷ ನನ್ನ ಮಾಲು ನಿಮ್ಮ ಅಂಗಡಿ ಮುಂದ ಮಳ್ಯಾಗ ತೊಯ್ದಾಗ ನೀವ ಅಂದ್ರಿ, ತಕ್ಕಡಿ ಏರೂತನಕ ಮಾಲು ರೈತಂದು, ನಮಗ ಸಂಬಂಧ ಇಲ್ಲಂತ. ಹೌದಿಲ್ಲೋ? ಇದು ಇನ್ನೂ ತಕ್ಕಡಿ ಏರಿಲ್ಲ. ಅಂದ ಮ್ಯಾಲೆ ನಾಯಿ ಹೊಯ್ದದ್ದು ನನ್ನ ಚೀಲದ ಮ್ಯಾಲೆ. ನನಗ ಸಿಟ್ಟ ಬಂದಿಲ್ಲ, ನಿಮಗ್ಯಾಕ?"

ಹಿಂದಿನ ಟ್ರಾಲಿಯಲ್ಲಿ ಯಾರೋ ಖೊಕ್ಕೆಂದು ನಕ್ಕರು. ಅಣ್ಣ ಮೀಸೆ ಒತ್ತಿಕೊಂಡ. ತಾನಾಡಿದ ಮಾತನ್ನು ತಾನೇ ತಿನ್ನುವ ಮನುಷ್ಯ ಅಲ್ಲ ನಮ್ಮಣ್ಣ.

"ಹಂಗಾರ ಆ ಚೀಲ ನೀ ಒಯ್ಯಿ" ಎಂದ ಕೊನೆಗೆ.

"ನಾ ಒಯ್ದು ಏನ ಮಾಡ್ಲಿ? ಶುಕ್ರವಾರ ಅಂತೀರೇನ, ಅದೀಗ ಖಾಲಿ ಎಲ್ಲೈತ್ರಿ? ನಿಮ್ಮ ಅಂಗಡಿಗಂತೂ ಕೊಡೂದಿಲ್ಲ. ಉಡುಗೊರಿ ಅನ್ರಿ, ನಾಯಿಗೆ ಆಯರ ಮಾಡೇನಿ ಅಂತ ತಿಳೀರಿ."

ಅಣ್ಣ ಸ್ಕೂಟರಿನ ಕಡೆ ತಿರುಗಿದ. ಆಗ ಪಾವಲಿ, ಕಾಲಿಗೆ ಸ್ವಲ್ಪ ಬಲ ಬಂದಿತ್ತೇನೋ, ಚೀಲದ ಮೇಲೆ ಮೆಲ್ಲಗೆ ಸುತ್ತು ಹಾಕತೊಡಗಿತು. ಒಂದು ಸುತ್ತು ಬಂದು ಬೆನ್ನು ಬಗ್ಗಿಸಿತು. ಎರಡನೆಯ ಕೆಲಸವೂ ನಿನ್ನೆಯಿಂದ ಬಾಕಿ ಇತ್ತಲ್ಲ. ಅದೇ ಹೊತ್ತಿಗೆ ಹಿಂದಿನ ಟ್ರ್ಯಾಕ್ಟರ್ ಗುರ್ರೆಂದಿತು. ಪಾವಲಿ ಬೆಚ್ಚಿ ಬೆನ್ನು ನೆಟ್ಟಗೆ ಮಾಡಿ, ನನ್ನ ಕಡೆ ನೋಡಿತು.

ಅಣ್ಣ ಧೋತರದ ಚುಂಗು ಎತ್ತಿ ಹಿಡಿದು ರಸ್ತೆಯ ನಡುವೆ ನಿಂತು ಕೈ ಮೇಲೆತ್ತಿದ.

"ಏ, ಬಂದ್ ಮಾಡ್ರಲೇ ಇಂಜಿನ್ನ!" ಎಂದ. "ಅದರ ಲಕ್ಷ್ಯ ಕೆಡ್ತೈತಿ."