ಹೊಲದ ರಸೀದಿ, ಮನೆಯ ಬಾಕಿ

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. ಮಾಡದಕೆರೆ ಹೋಬಳಿಯ ಒಂದು ಹಳ್ಳಿಯ ಕಡೇ ಬೀದಿಯಲ್ಲಿ ಓಬಕ್ಕ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟರು. ಅದು ತುಂಬಲು ಒಂಬತ್ತು ನಿಮಿಷ ಹಿಡಿಯಿತು. ಎರಡನೆಯದು ಅರ್ಧ ತುಂಬುವಷ್ಟರಲ್ಲಿ ನೀರು ನಿಂತಿತು. ಓಬಕ್ಕ ನಲ್ಲಿ ತಿರುಗಿಸಿದರು, ಕೈಯಿಂದ ತಟ್ಟಿದರು, ಒಳಗೆ ಹೋದರು, ಮತ್ತೆ ಬಂದು ನೋಡಿದರು.

ಮಗಳು ದುರ್ಗಾಳ ಹೆರಿಗೆಗೆ ಡಾಕ್ಟರು ಮಾರ್ಚ್ ಎರಡನೇ ವಾರ ಹೇಳಿದ್ದರು. ಚೊಚ್ಚಲು, ಬಾಣಂತನ ತವರಿನಲ್ಲೇ.

"ಒಂದೂವರೆ ಬಿಂದಿಗೇಲಿ ಬಾಣಂತಿಗೆ ಎರೀಲೋ, ಕೂಸಿಗೆ ಎರೀಲೋ?" ಎಂದು ಗಂಡ ಮುನಿಯಪ್ಪನನ್ನು ಕೇಳಿದರು.

ಎಂಟು ಗಂಟೆಗೆ ಸ್ವಸಹಾಯ ಸಂಘದ ಸರ್ವಮಂಗಳ ಬಂದರು. ಪಂಚಾಯಿತಿಯ ಪರವಾಗಿ ಅವರು ಮನೆ ಮನೆಗೆ ಹೋಗಿ ಬಾಕಿ ಕಂದಾಯ ವಸೂಲು ಮಾಡುತ್ತಿದ್ದರು. ಬೀದಿಯ ಮೂವತ್ತೊಂದು ಮನೆಗಳಲ್ಲಿ ಇಪ್ಪತ್ತಾರು ಬಾಕಿ. ಮುನಿಯಪ್ಪ ಹೇಳಿಕೊಟ್ಟಂತೆ ಕಂದಾಯ ಕಟ್ಟಿದ್ದೇವೆ, ಅವರದು ಸರಿಯಿದ್ದರೆ ನಮ್ಮದೂ ಸರಿ ಎಂದು ಎಲ್ಲರೂ ಹೇಳಿ ಕಳಿಸಿದ್ದರು. ಬೀದಿಯಲ್ಲಿ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಅವರೊಬ್ಬರೇ.

"ನಂದು ಬಾಕಿ ಇಲ್ಲಮ್ಮ. ವರ್ಷಾ ವರ್ಷ ಕಂದಾಯ ಕಟ್ಟೀನಿ" ಎಂದು ಮುನಿಯಪ್ಪ ಪ್ಲಾಸ್ಟಿಕ್ ಕವರಿನಿಂದ ರಸೀದಿಗಳನ್ನು ತೆಗೆದು ಹರವಿದರು.

ಸರ್ವಮಂಗಳ ಒಂದೊಂದನ್ನೂ ಓದಿದರು. "ಅಣ್ಣ, ಇಲ್ಲಿ ಸರ್ವೆ ನಂಬರ್ ಐತೆ ನೋಡ್ರಿ. ಇದು ಹೊಲದ ಕಂದಾಯ. ಮನೆ ಕಂದಾಯ ಬೇರೆ, ಅದು ಪಂಚಾಯಿತಿದು."

"ಎರಡಕ್ಕೂ ಕಂದಾಯ ಅಂತ್ಲೇ ಹೆಸರಿಟ್ರೆ ನಾನೇನ್ ಮಾಡ್ಲಿ?"

"ಹೊಲಕ್ಕೆ ಕಟ್ಟಿ ಮನೆಗೆ ನೀರು ಕೇಳ್ತಿದ್ರಿ" ಎಂದರು ಓಬಕ್ಕ.

ಆರು ವರ್ಷದ ಬಾಕಿ 4,380 ರೂಪಾಯಿ. ಮುನಿಯಪ್ಪ ಎದ್ದರು, ಕೂತರು, ಮತ್ತೆ ಎದ್ದರು. ನೀರೇ ಬಾರದ ನಲ್ಲಿ ನಂಬಿ ದುಡ್ಡು ಯಾಕೆ ಕಟ್ಟಬೇಕು, ಕಟ್ಟಿದ್ದು ಯಾವ ಬೀದಿಗೆ ಹೋಗುತ್ತದೋ ಎಂದು ತಕರಾರು ಎತ್ತಿದರು.

ಸರ್ವಮಂಗಳ ಬೇಸರಪಡಲಿಲ್ಲ. ಬೀದಿಯ ಪೈಪಿನೊಳಗೆ ಸುಣ್ಣ ಕಟ್ಟಿದೆ, ಎರಡು ಕಡೆ ಸೋರುತ್ತಿದೆ. ಬದಲಾಯಿಸಲು ಪಂಚಾಯಿತಿಯ ಕೈಯಲ್ಲಿ ಹಣ ಬೇಕು, ಆ ಹಣ ಬರಬೇಕಾದ್ದು ಮನೆ ಕಂದಾಯದಿಂದ ಎಂದು ವಿವರಿಸಿದರು. ಈ ಬೀದಿಯ ಬಾಕಿ ಬಂದರೆ ಮೊದಲು ಈ ಬೀದಿಯ ಪೈಪು ಎಂದು ವಾರ್ಡ್ ಸಭೆಯಲ್ಲಿ ತೀರ್ಮಾನವಾಗಿತ್ತು. ಆ ತೀರ್ಮಾನದ ನಕಲನ್ನು ಮುನಿಯಪ್ಪನ ಕೈಗೆ ಕೊಟ್ಟರು. ಮುನಿಯಪ್ಪ ಎರಡು ಸಲ ಓದಿದರು.

ಅರ್ಧ ಹಣ ಆಗಲೇ ಕೊಟ್ಟರು, ಉಳಿದರ್ಧ ಕೊಬ್ಬರಿ ಮಾರಿದ ಮೇಲೆ ಎಂದು ಒಪ್ಪಿದರು. ಸರ್ವಮಂಗಳ ತಂದಿದ್ದ ಪುಟ್ಟ ರಸೀದಿ ಯಂತ್ರದಿಂದ ಬಂದ ಚೀಟಿಯಲ್ಲಿ ಈ ಸಲ ಮನೆ ನಂಬರನ್ನು ಬೆರಳಿಟ್ಟು ಓದಿಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿದರು.

"ನಡೀರಿ, ಹೋಗಾಣ. ಬೀದಿಗೆಲ್ಲ ತಪ್ಪು ಹೇಳ್ಕೊಟ್ಟೋನು ನಾನೇ."

ಸಂಜೆಯೊಳಗೆ ಹತ್ತೊಂಬತ್ತು ಮನೆಯವರು ಕಟ್ಟಿದರು. ಉಳಿದವರ ಬಾಗಿಲಿಗೆ ಮುನಿಯಪ್ಪ ವಾರವಿಡೀ ಅಲೆದರು. ಬಂದ ಹಣದಲ್ಲಿ ಮಾರ್ಚ್ 10ಕ್ಕೆ ಬೀದಿಗೆ ಹೊಸ ಪೈಪು ಬಿತ್ತು. 16ಕ್ಕೆ ದುರ್ಗಾ ಹೊಸದುರ್ಗದ ಆಸ್ಪತ್ರೆಯಿಂದ ಕೂಸಿನೊಂದಿಗೆ ಬಂದಳು. ಓಬಕ್ಕ ಹಂಡೆ ತುಂಬಿಸಿ ಒಲೆ ಹಚ್ಚಿದ್ದರು.

ನಿಮ್ಮ ಮನೆಯ ರಸೀದಿಯನ್ನೂ ಇವತ್ತೇ ತೆಗೆದು ನೋಡಿ. ಅದರಲ್ಲಿರುವುದು ಸರ್ವೆ ನಂಬರೋ, ಮನೆ ನಂಬರೋ? ಮನೆಯದು ಬಾಕಿ ಇದ್ದರೆ ಪಂಚಾಯಿತಿಗೆ ಹೋಗಿ ಕಟ್ಟಿ, ಚೀಟಿ ಪಡೆಯಿರಿ. ಆ ಹಣ ನಿಮ್ಮ ಬೀದಿಗೆ ಏನಾಯಿತು ಎಂದು ವಾರ್ಡ್ ಸಭೆಯಲ್ಲಿ ಕೇಳಿ.

ಓಬಕ್ಕನ ಅದೇ ಬಿಂದಿಗೆ ತುಂಬಲು ಈಗ ಹಿಡಿಯುವುದು ಐವತ್ತೆರಡು ಸೆಕೆಂಡು.